ಪೀಣ್ಯದ ಎರಡು ಕಣ್ಣುಗಳು

ಪ್ರವಾಸಕ್ಕೆ ಹೊರಡುವ ಹಿಂದಿನ ರಾತ್ರಿ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವಾದರೂ ಆಗಲೇಬೇಕು. ಹಿಂದೆಲ್ಲ ಅದು ಬುತ್ತಿಗೆ ಪುಳಿಯೋಗರೆಯೋ ಚಪಾತಿಯೋ ಎಂಬುದಕ್ಕೆ ಆಗುತ್ತಿತ್ತು. ಕಳೆದ ವರ್ಷ ಬೇಲೂರಿಗೆ ಹೊರಟಾಗ ಆದದ್ದು ಕ್ಯಾಮೆರಾ ವಿಷಯಕ್ಕೆ. ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡುವ ಮಗಳು ತನ್ನ ದೊಡ್ಡ ಕ್ಯಾಮೆರಾ, ಅದರ ಉದ್ದನೆಯ ಲೆನ್ಸು, ಚಾರ್ಜರು, ಒರೆಸುವ ಬಟ್ಟೆ ಎಲ್ಲವನ್ನೂ ಬಾಣಂತಿ ಚೀಲದ ಹಾಗೆ ತುಂಬುತ್ತಿದ್ದಳು. ಕಾಲೇಜಿಗೆ ಹೋಗುವ ಮೊಮ್ಮಗಳು ನಕ್ಕಳು. "ಅಮ್ಮ, ಇಷ್ಟೆಲ್ಲ ಹೊತ್ಕೊಂಡು ಬರೋದ್ಯಾಕೆ? ನನ್ನ ಫೋನ್ ಸಾಕು" ಎಂದಳು. ಮಗಳಿಗೆ ಸಿಟ್ಟು ಬಂತು. ಫೋನಿನಲ್ಲಿ ತೆಗೆದದ್ದು ಫೋಟೋನೇ ಅಲ್ಲ ಎಂದಳು. ಅಲ್ಲಿಂದ ಮಾತಿಗೆ ಮಾತು ಬೆಳೆಯಿತು.

ನಲವತ್ತು ವರ್ಷ ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಈಗ ಮನೆಯಲ್ಲಿ ಕೂತಿರುವ ನಮ್ಮವರು ಪತ್ರಿಕೆಯಿಂದ ತಲೆಯೆತ್ತಿ, "ಎರಡೂ ನಮ್ಮ ಪೀಣ್ಯದ್ದೇ ಕಣ್ರೇ, ಯಾಕೆ ಕಿತ್ತಾಡ್ತೀರಿ?" ಎಂದರು. ನಾವು ಮೂವರೂ ನಕ್ಕೆವು. ಅವರಿಗೆ ಜಗತ್ತಿನ ಎಲ್ಲ ಸಾಮಾನೂ ಪೀಣ್ಯದಲ್ಲೇ ತಯಾರಾದದ್ದು ಎಂಬ ನಂಬಿಕೆ ಉಂಟು. ಆದರೆ ಅವತ್ತು ಅವರು ಹೇಳಿದ್ದರಲ್ಲಿ ತಮಾಷೆಗಿಂತ ನಿಜವೇ ಹೆಚ್ಚಿತ್ತು. ಅದನ್ನು ಹೇಳಬೇಕೆಂದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಮ್ಮ ನಾಡಿನಲ್ಲಿ ಊರೂರು ತಿರುಗಿ ಚಿತ್ರ ತೆಗೆಯುವ ಅಭ್ಯಾಸ ಫೋನಿನ ಜೊತೆ ಬಂದದ್ದಲ್ಲ. ಅದಕ್ಕೆ ನೂರಾ ಎಪ್ಪತ್ತು ವರ್ಷವಾಯಿತು. ಬೆಂಗಳೂರಿನಲ್ಲಿದ್ದ ಲಿನಿಯಸ್ ಟ್ರೈಪ್ ಎಂಬ ಇಂಗ್ಲಿಷ್ ಸೇನಾಧಿಕಾರಿ 1854ರಲ್ಲಿ ಹಳೇಬೀಡು, ಬೇಲೂರುಗಳ ಚಿತ್ರ ತೆಗೆದ. ಮರುವರ್ಷ ಮದರಾಸಿನ ವಸ್ತುಪ್ರದರ್ಶನದಲ್ಲಿ ಅವನ ಚಿತ್ರಗಳಿಗೆ ಬಹುಮಾನ ಬಂತು. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಇನ್ನೊಬ್ಬ ಅಧಿಕಾರಿ ಹಂಪಿಯ ಚಿತ್ರಗಳನ್ನು ತೆಗೆದ. ಆಗ ಫಿಲ್ಮ್ ಎಂಬುದೇ ಇರಲಿಲ್ಲ. ಕಾಗದಕ್ಕೆ ಮೇಣ ಹಚ್ಚಿ, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಮರದ ಪೆಟ್ಟಿಗೆಯಂಥ ಕ್ಯಾಮೆರಾದೊಳಗೆ ಇಟ್ಟು, ನಿಮಿಷಗಟ್ಟಲೆ ಬೆಳಕು ಬೀಳಿಸಬೇಕಾಗಿತ್ತು. ಕಲ್ಲು ಅಲುಗುವುದಿಲ್ಲವಾದ್ದರಿಂದ ದೇವಸ್ಥಾನ ಚೆನ್ನಾಗಿ ಮೂಡುತ್ತಿತ್ತು. ನಡೆದಾಡುವ ಮನುಷ್ಯರು ಮೂಡುತ್ತಲೇ ಇರಲಿಲ್ಲ. ಹಂಪಿಯ ಬೀದಿಯಲ್ಲಿ ಅವತ್ತು ಯಾರಾದರೂ ಹೆಂಗಸು ನೀರಿನ ಕೊಡ ಹೊತ್ತು ಹೋಗಿದ್ದರೂ ಆ ಕಾಗದಕ್ಕೆ ಅದು ಗೊತ್ತೇ ಆಗುತ್ತಿರಲಿಲ್ಲ.

ಗ್ರೀನ್‌ಲಾನ ಆ ಮೇಣದ ನೆಗೆಟಿವ್‌ಗಳು ಎಲ್ಲೋ ಮೂಲೆ ಸೇರಿ, ನೂರಿಪ್ಪತ್ತು ವರ್ಷದ ಮೇಲೆ ಮತ್ತೆ ಸಿಕ್ಕವು. ಆಸ್ಟ್ರೇಲಿಯಾದ ಜಾನ್ ಗೋಲಿಂಗ್ಸ್ ಎಂಬ ಛಾಯಾಗ್ರಾಹಕ ಅವನ್ನು ನೋಡಿ, ಗ್ರೀನ್‌ಲಾ ನಿಂತ ಜಾಗಗಳಲ್ಲೇ ನಿಂತು ಹಂಪಿಯನ್ನು ಹೊಸದಾಗಿ ತೆಗೆದ. ಎರಡನ್ನೂ ಪಕ್ಕದಲ್ಲಿಟ್ಟರೆ ಯಾವ ಕಂಬ ಉಳಿದಿದೆ, ಯಾವುದು ಬಿದ್ದಿದೆ ಎಂದು ಲೆಕ್ಕ ಹಾಕಬಹುದು. ಆ ಕಾಗದವನ್ನು ಯಾರೋ ಎಸೆಯದೆ ಇಟ್ಟಿದ್ದರಿಂದ ಇಷ್ಟು ಸಾಧ್ಯವಾಯಿತು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮತ್ತೆ ಇದಕ್ಕೇ ಬರುತ್ತೇನೆ.

ನನ್ನ ಕೈಗೆ, ಕ್ಷಮಿಸಿ, ನನ್ನ ಕಣ್ಣಿಗೆ ಮೊದಲ ಕ್ಯಾಮೆರಾ ಬಿದ್ದದ್ದು 1983ರಲ್ಲಿ. ನಮ್ಮವರ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರ ಹತ್ತಿರ ಆಗ್ಫಾ ಕ್ಲಿಕ್ ತ್ರೀ ಇತ್ತು. ಬರೋಡದಲ್ಲಿ ತಯಾರಾಗುತ್ತಿದ್ದ ಆ ಕಪ್ಪು ಡಬ್ಬಿ ಆ ಕಾಲದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಒಂದು ರೀಲಿಗೆ ಚೌಕಾಕಾರದ ಹನ್ನೆರಡೇ ಚಿತ್ರ. ಹಿಂಬದಿಯಲ್ಲಿ ಒಂದು ಪುಟ್ಟ ಕೆಂಪು ಕಿಂಡಿ. ಕಿವಿ ತಿರುಗಿಸಿದರೆ ಅದರಲ್ಲಿ ಮುಂದಿನ ಅಂಕಿ ಬರುತ್ತದೆ. ತಿರುಗಿಸುವುದು ಮರೆತರೆ ಹಳೆಯ ಚಿತ್ರದ ಮೇಲೇ ಹೊಸದು ಬೀಳುತ್ತದೆ. ಊಟಿಯ ಸರ್ಕಾರಿ ಕಾರ್ಖಾನೆಯ 'ಇಂದು' ಫಿಲ್ಮ್ ಅಂಗಡಿಗಳಲ್ಲಿ ಸಿಗುತ್ತಿದ್ದ ಕಾಲ ಅದು.

ಆ ಕ್ಯಾಮೆರಾವನ್ನು ಎರವಲು ತಂದು ಬೇಲೂರು, ಹಳೇಬೀಡಿಗೆ ಹೊರಟೆವು. ತಿಪಟೂರಿನ ಕಡೆಯ ಹಳ್ಳಿಯಿಂದ ನನ್ನ ಅಮ್ಮನೂ ಬಂದಿದ್ದಳು. ಊರು ಬಿಟ್ಟು ಆಕೆ ಮಾಡಿದ ಪ್ರವಾಸವೆಂದರೆ ಅದೊಂದೇ. ಬಸ್ಸಿನಲ್ಲೇ ನಮ್ಮವರು ಹನ್ನೆರಡು ಚಿತ್ರಗಳನ್ನು ಪಡಿತರದ ಸಕ್ಕರೆಯಂತೆ ಹಂಚಿಬಿಟ್ಟರು. ದೇವಸ್ಥಾನಕ್ಕೆ ಎಂಟು, ಮಗುವಿಗೆ ಎರಡು, ನಮ್ಮಿಬ್ಬರದೊಂದು, ಅತ್ತೆಯವರದೊಂದು. ಕ್ಯಾಮೆರಾ ಮುಟ್ಟಲು ನನಗೆ ಅನುಮತಿ ಇರಲಿಲ್ಲ. "ಎರವಲು ಸಾಮಾನು, ಬಿದ್ದರೆ ಕಷ್ಟ" ಎಂದರು. ಅದು ಗದರಿಕೆಯಲ್ಲ, ನಿಜವಾದ ಭಯವೇ. ಆದರೂ ಮುಟ್ಟಬಾರದವಳು ನಾನೇ ಏಕೆ ಎಂದು ಆಗ ನನಗೂ ಹೊಳೆಯಲಿಲ್ಲ.

ಹಳೇಬೀಡಿನ ಆನೆಗಳ ಸಾಲಿನ ಮುಂದೆ ಅಮ್ಮನ ಸರದಿ ಬಂತು. ಆಕೆ ಸೆರಗು ಹೊದ್ದು, "ನನ್ನದೇನು ತೆಗೀತೀರಿ ಅಳಿಯಂದ್ರೇ, ದೇವರದ್ದು ತೆಗೀರಿ" ಎಂದು ನಾಚುತ್ತಲೇ ನಿಂತಳು. ವಾರದ ಮೇಲೆ ರೀಲು ತೊಳೆಸಿ ಪ್ರಿಂಟು ಹಾಕಿಸಿದಾಗ ನೋಡಿದರೆ ಹನ್ನೊಂದೇ ಚಿತ್ರ. ಗಡಿಬಿಡಿಯಲ್ಲಿ ಕಿವಿ ತಿರುಗಿಸುವುದು ಮರೆತು, ಆನೆಗಳ ಚಿತ್ರದ ಮೇಲೇ ಅಮ್ಮನ ಚಿತ್ರ ಬಿದ್ದಿತ್ತು. ಅಮ್ಮನ ಸೀರೆಯ ತುಂಬ ಆನೆಗಳು, ಕೆನ್ನೆಯ ಮೇಲೊಂದು ಸೊಂಡಿಲು. ಮನೆಯವರೆಲ್ಲ ಹೊಟ್ಟೆ ಹಿಡಿದು ನಕ್ಕೆವು. ಅಮ್ಮನೂ ನಕ್ಕಳು. ಹಾಳಾದ ಚಿತ್ರವೆಂದು ಆ ಪ್ರಿಂಟನ್ನು ಯಾರೂ ಜೋಪಾನ ಮಾಡಲಿಲ್ಲ.

1986ರಲ್ಲಿ ಅಮ್ಮ ಹೋದಳು. ಹನ್ನೊಂದನೆಯ ದಿನಕ್ಕೆ ಹಾರ ಹಾಕಲು ಒಂದು ಫೋಟೋ ಬೇಕಾದಾಗ ಇಡೀ ಮನೆ ಜಾಲಾಡಿದೆವು. ಕೊನೆಗೆ ನನ್ನ ಮದುವೆಯ ಗುಂಪು ಫೋಟೋದಲ್ಲಿ, ಮೂರನೆಯ ಸಾಲಿನಲ್ಲಿ, ಯಾರದೋ ಪೇಟದ ಹಿಂದಿನಿಂದ ಇಣುಕುತ್ತಿದ್ದ ಕಡಲೆಕಾಳಿನಷ್ಟು ಮುಖವನ್ನು ಸ್ಟುಡಿಯೋದವರು ದೊಡ್ಡದು ಮಾಡಿ, ಕಣ್ಣು ಹುಬ್ಬು ತಿದ್ದಿ ಕೊಟ್ಟರು. ಗೋಡೆಯ ಮೇಲೆ ಇವತ್ತಿಗೂ ಇರುವುದು ಆ ಮುಖ. ಅದು ಅಮ್ಮನ ಹಾಗಿದೆ, ಆದರೆ ಅಮ್ಮನಲ್ಲ. ನಿಮ್ಮಲ್ಲಿ ಎಷ್ಟೋ ಜನರ ಮನೆಯ ಗೋಡೆಯ ಮೇಲೂ ಇಂಥದೊಂದು ಮುಖ ಇರಬಹುದು.

ಕ್ಯಾಮೆರಾ ಯಾರ ಕೈಯಲ್ಲಿತ್ತು ಎನ್ನುವುದು ಸಣ್ಣ ವಿಷಯವಲ್ಲ. ನಮ್ಮ ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ದೇಶಕ್ಕೆ ಸ್ವಾತಂತ್ರ್ಯ ಬಂದ ಗಳಿಗೆಯನ್ನು ಚಿತ್ರದಲ್ಲಿ ಹಿಡಿದ ಆಕೆಗೆ ಪದ್ಮವಿಭೂಷಣ ಬಂದದ್ದು 2011ರಲ್ಲಿ, ತೊಂಬತ್ತೇಳನೆಯ ವಯಸ್ಸಿನಲ್ಲಿ. ಅಂಥವರ ಕಥೆಯೇ ಹೀಗಾದರೆ, ಎರವಲು ಕ್ಯಾಮೆರಾದ ಮನೆಯ ನಾನು ಯಾವ ಲೆಕ್ಕ?

ಈಗ ಪೀಣ್ಯಕ್ಕೆ ಬರೋಣ. ನಮ್ಮವರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಕಾರ್ಖಾನೆಗಳಿಗಿಂತ ಖಾಲಿ ಜಾಗವೇ ಹೆಚ್ಚಿತ್ತಂತೆ. ಅಲ್ಲಿನ ಸಾಧಾರಣ ಶೆಡ್ಡುಗಳಲ್ಲೇ, ನಮ್ಮ ಉಡುಪಿ ಕಡೆಯ ಯು. ಆರ್. ರಾವ್ ಅವರ ನೇತೃತ್ವದಲ್ಲಿ, ಭಾರತದ ಮೊದಲ ಉಪಗ್ರಹ ಆರ್ಯಭಟ ತಯಾರಾಯಿತು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಆಕಾಶಕ್ಕೇರಿತು. ಕಾಕತಾಳೀಯವೋ ಏನೋ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದ ಕೊಡ್ಯಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಯುವ ಇಂಜಿನಿಯರ್ ಫಿಲ್ಮೇ ಇಲ್ಲದ ಮೊದಲ ಕ್ಯಾಮೆರಾ ಜೋಡಿಸಿದ. ಅದರ ತೂಕ 3.6 ಕಿಲೋ. ಒಂದು ಚಿತ್ರ ದಾಖಲಾಗಲು 23 ಸೆಕೆಂಡು. ಅಷ್ಟು ಹೊತ್ತಿಗೆ ನಾವು ಒಂದು ದೋಸೆ ಹುಯ್ದಿರುತ್ತೇವೆ!

ಆರ್ಯಭಟ ತಯಾರಾದ ಜಾಗದಲ್ಲಿ ಈಗ ಇಸ್ರೋದ ಲಿಯೋಸ್ ಎಂಬ ಪ್ರಯೋಗಾಲಯವಿದೆ. ಉಪಗ್ರಹಗಳ ಕಣ್ಣುಗಳನ್ನು, ಎಂದರೆ ಮಸೂರಗಳನ್ನು, ಕ್ಯಾಮೆರಾಗಳನ್ನು ಮಾಡುವುದು ಅದರ ಕೆಲಸ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಾಗ ನಾವೆಲ್ಲ ಟೀವಿ ಮುಂದೆ ಕೈಮುಗಿದು ಕುಳಿತಿದ್ದೆವಲ್ಲ. ವಾರದ ಮೇಲೆ, ಆಗಸ್ಟ್ 30ರಂದು, ಪ್ರಜ್ಞಾನ್ ಎಂಬ ಪುಟ್ಟ ಗಾಡಿ ತನ್ನನ್ನು ಹೊತ್ತು ತಂದ ವಿಕ್ರಮ್ ನೌಕೆಯ ಚಿತ್ರ ತೆಗೆಯಿತು. ಅದನ್ನು ತೆಗೆದ ಕ್ಯಾಮೆರಾ ಲಿಯೋಸ್‌ನಲ್ಲಿ ತಯಾರಾದದ್ದು. ಪ್ರವಾಸದ ಫೋಟೋ ಎಂದರೆ ಇದಲ್ಲವೇ? ಭೂಮಿಯಿಂದ ಸುಮಾರು 3 ಲಕ್ಷ 84 ಸಾವಿರ ಕಿಲೋಮೀಟರ್ ದೂರ ಹೋಗಿ, ಮಗು ತಾಯಿಯ ಫೋಟೋ ತೆಗೆದ ಹಾಗೆ. ಅದೂ ನಮ್ಮ ಕ್ಲಿಕ್ ತ್ರೀಯ ಹಾಗೆ ಕಪ್ಪು ಬಿಳುಪು. ಬೇರೇನೂ ಮಾಡದ, ನೋಡುವುದೊಂದೇ ಕೆಲಸವಾಗಿರುವ ಕ್ಯಾಮೆರಾ. ಇದು ಪೀಣ್ಯದ ಒಂದು ಕಣ್ಣು.

ಇನ್ನೊಂದು ಕಣ್ಣು ಫೋನಿನದು. ಫೋನಿನಿಂದ ಫೋಟೋ ಹೋದ ಕಥೆ ಶುರುವಾದದ್ದು ಒಂದು ಹೆರಿಗೆ ಆಸ್ಪತ್ರೆಯಲ್ಲಿ ಎಂದರೆ ನಿಮಗೆ ಆಶ್ಚರ್ಯವಾದೀತು. 1997ರ ಜೂನ್ 11ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಫಿಲಿಪ್ ಕಾನ್ ಎಂಬಾತ, ಹೆಂಡತಿ ಹೆರಿಗೆ ನೋವು ತಿನ್ನುತ್ತಿದ್ದಾಗ, ಪುಟ್ಟ ಡಿಜಿಟಲ್ ಕ್ಯಾಮೆರಾವನ್ನೂ ಮೊಬೈಲನ್ನೂ ಲ್ಯಾಪ್‌ಟಾಪಿಗೆ ಜೋಡಿಸಿಟ್ಟುಕೊಂಡು ಕುಳಿತಿದ್ದ. ಮಗಳು ಹುಟ್ಟಿದ ಕೂಡಲೇ ಅವಳ ಚಿತ್ರ ನೂರಾರು ನೆಂಟರಿಷ್ಟರಿಗೆ ತಲುಪಿತು. ಆ ತಾಯಿ ಏನಂದಳೋ ಗೊತ್ತಿಲ್ಲ, ನಾನಾಗಿದ್ದರೆ ಮೊದಲು ಕಾಫಿ ತಾ ಎನ್ನುತ್ತಿದ್ದೆ.

ಇಂದಿನ ಫೋನುಗಳೊಳಗೆ ಬೆಳಕು ಹಿಡಿಯುವ ಚಿಪ್ಪು ಇದೆಯಲ್ಲ, ಸೆನ್ಸಾರ್ ಎನ್ನುತ್ತಾರೆ, ಅದರ ತವರು ಇನ್ನೂ ಸ್ವಾರಸ್ಯದ್ದು. 1990ರ ದಶಕದ ಆರಂಭದಲ್ಲಿ ನಾಸಾದ ಪ್ರಯೋಗಾಲಯದಲ್ಲಿ ಎರಿಕ್ ಫೋಸಮ್ ಮತ್ತು ಸಂಗಡಿಗರು ಅದನ್ನು ರೂಪಿಸಿದ್ದು ಗಗನನೌಕೆಗಳಿಗಾಗಿ. ಅಲ್ಲಿಗೆ ಹೋಗುವ ಕ್ಯಾಮೆರಾ ಚಿಕ್ಕದಿರಬೇಕು, ಹಗುರವಿರಬೇಕು, ಕಡಿಮೆ ವಿದ್ಯುತ್ ತಿನ್ನಬೇಕು. ಜೇಬಿನ ಫೋನಿಗೂ ಬೇಕಾದದ್ದು ಅದೇ ಮೂರು ಗುಣ. ಹಾಗಾಗಿ ಆಕಾಶಕ್ಕೆಂದು ಹುಟ್ಟಿದ ಕಣ್ಣು ನಮ್ಮ ಅಡುಗೆಮನೆಗೂ ಬಂತು.

2017ರಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿ ಪೀಣ್ಯದ ತನ್ನ ಕಾರ್ಖಾನೆಯಲ್ಲಿ ಐಫೋನ್ ಎಸ್‌ಇ ಜೋಡಿಸತೊಡಗಿತು. ಭಾರತದಲ್ಲಿ ಐಫೋನ್ ತಯಾರಾದದ್ದು ಅದೇ ಮೊದಲು. ಆಮೇಲೆ ಆ ಕೆಲಸ ಕೋಲಾರದ ನರಸಾಪುರಕ್ಕೆ ಬೆಳೆಯಿತು. 2023ರಲ್ಲಿ ಅದನ್ನು ಟಾಟಾದವರು ಕೊಂಡರು. ಅಲ್ಲಿಗೆ ನಮ್ಮವರ ಮಾತು ನಿಜವಾಯಿತು. ಚಂದ್ರನ ಮೇಲೆ ಹೋದ ಕ್ಯಾಮೆರಾ, ಜೇಬಿನೊಳಗೆ ಹೋಗುವ ಕ್ಯಾಮೆರಾ, ಎರಡಕ್ಕೂ ಒಂದೇ ಬಸ್ ಸ್ಟಾಪು.

ದೊಡ್ಡ ಕ್ಯಾಮೆರಾಗಳ ಕಾಲ ಮುಗಿಯಿತೆನ್ನುವವರಿಗೆ ಲೆಕ್ಕವೂ ಒದಗುತ್ತದೆ. ಜಪಾನಿನ ತಯಾರಕರ ಸಂಘದ ಪ್ರಕಾರ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಬಿದ್ದಿದ್ದವು. 2023ರಲ್ಲಿ ಅದು 80 ಲಕ್ಷವನ್ನೂ ಮುಟ್ಟಲಿಲ್ಲ. ಉಳಿದವರೆಲ್ಲ ಫೋನಿಗೆ ಬಂದರು. ಅವರಲ್ಲಿ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ರಾಯಚೂರು ಕಡೆಯ ಹುಡುಗಿಯೂ ಒಬ್ಬಳು. ಗಾರ್ಮೆಂಟ್ಸ್‌ನಲ್ಲಿ ಹೊಲಿಯುತ್ತಿದ್ದ ಅವಳು ಕಂತಿನಲ್ಲಿ ಫೋನು ಕೊಂಡು, ಹಬ್ಬದ ರಜೆಯಲ್ಲಿ ಅವ್ವನನ್ನು ಮಂತ್ರಾಲಯಕ್ಕೆ ಕರೆದೊಯ್ದಳು. ಅವರ ವಂಶದಲ್ಲಿ ಅದೇ ಮೊದಲ ಕ್ಯಾಮೆರಾ. ತುಂಗಭದ್ರೆಯ ದಡದಲ್ಲಿ ಅವ್ವ ನಗುತ್ತಿರುವ ಮೂವತ್ತು ಚಿತ್ರಗಳನ್ನು ತೋರಿಸಿದಾಗ ನನಗೆ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳುತ್ತೇನೆ. ನನ್ನ ಅಮ್ಮನಿಗೆ ಒಂದೂ ಇರಲಿಲ್ಲ.

ಸರಿ, ಬೇಲೂರಿನಲ್ಲಿ ಗೆದ್ದವರು ಯಾರು? ಹೇಳುತ್ತೇನೆ. ದೇವಸ್ಥಾನದ ಒಳಗೆ ಕತ್ತಲು. ನಮ್ಮವರು ಬಳೆ ಬಳೆಯಾಗಿ ಕಡೆದ ಆ ಕಲ್ಲಿನ ಕಂಬಗಳ ಮುಂದೆ ಲೇತ್ ಮುಂದೆ ನಿಂತಂತೆಯೇ ನಿಂತುಬಿಟ್ಟರು. ಮೊಮ್ಮಗಳು ಫೋನಿನಲ್ಲಿ ಅವರನ್ನು ತೆಗೆದಳು. ಕಂಬದ ಹೊಳಪೂ ಅಜ್ಜನ ಬೆರಗೂ ಚೆನ್ನಾಗಿ ಬಂದವು. ಮಗಳು ತೆಗೆದದ್ದು ಅಲುಗಿ ಮಸುಕಾಯಿತು. ಅವಳ ಉದ್ದ ಲೆನ್ಸಿಗೆ ಅಷ್ಟು ಬೆಳಕು ಸಾಲದು. ಕಾಲುಗಂಬ ತರಬೇಕೆಂದರೆ ಪುರಾತತ್ವ ಇಲಾಖೆಯ ಅನುಮತಿ ಬೇಕು.

ಹೊರಗೆ ಬಂದಾಗ ಕಥೆ ತಿರುಗಿತು. ಸೂರಿನ ಕೆಳಗೆ ಸಾಲಾಗಿ ನಿಂತ ಮದನಿಕೆಯರಲ್ಲಿ ಒಬ್ಬಳ ತಲೆಯ ಮೇಲಿನ ಎಲೆ ಹಣ್ಣುಗಳ ನಡುವೆ ಒಂದು ನೊಣ, ಅದನ್ನು ಹಿಡಿಯಲು ಹೊಂಚುವ ಒಂದು ಹಲ್ಲಿ. ಗೈಡುಗಳು ತಪ್ಪದೆ ತೋರಿಸುತ್ತಾರೆ. ಫೋನಿನಲ್ಲಿ ಎಳೆದು ದೊಡ್ಡದು ಮಾಡಿದರೆ ಹಲ್ಲಿ ಹಿಟ್ಟಿನ ಮುದ್ದೆಯಾಯಿತು. ಮಗಳ ಲೆನ್ಸಿನಲ್ಲಿ ಅದರ ಬೆರಳು ಎಣಿಸಬಹುದಿತ್ತು.

ಕಾರಣ ಮಗಳೇ ಬಿಡಿಸಿ ಹೇಳಿದಳು. ಮಳೆ ಬರುವಾಗ ಅಂಗಳದಲ್ಲಿ ಕೊಳದಪ್ಪಲೆ ಇಟ್ಟರೂ ನೀರು ತುಂಬುತ್ತದೆ, ಲೋಟ ಇಟ್ಟರೂ ತುಂಬುತ್ತದೆ. ಬೆಳಕೂ ಹಾಗೆಯೇ. ದೊಡ್ಡ ಕ್ಯಾಮೆರಾದ ಸೆನ್ಸಾರ್ 36 ಮಿಲಿಮೀಟರ್ ಉದ್ದ, 24 ಅಗಲದ ಕೊಳದಪ್ಪಲೆ. ಫೋನಿನದು ಉಗುರಿನಷ್ಟು, ಅದು ಲೋಟ. ಆದರೆ ಫೋನು ಜಾಣೆ. ಗುಂಡಿ ಒತ್ತಿದ ಕ್ಷಣದಲ್ಲೇ ಹಲವು ಚಿತ್ರ ತೆಗೆದು, ಹತ್ತು ಲೋಟದ ನೀರನ್ನು ಒಂದೇ ಪಾತ್ರೆಗೆ ಸುರಿದ ಹಾಗೆ ಬೆರೆಸಿ ಒಂದು ಮಾಡುತ್ತದೆ. ಕತ್ತಲಲ್ಲಿ ಅದು ಗೆದ್ದದ್ದು ಹೀಗೆ. ದೂರದ್ದನ್ನು ಹತ್ತಿರ ತರಲು ಮಾತ್ರ ಗಾಜು ಬೇಕು, ಗಾಜಿಗೆ ಉದ್ದ ಬೇಕು. ಅಲ್ಲಿ ಜಾಣತನ ಪೂರ್ತಿ ನಡೆಯುವುದಿಲ್ಲ. ಹಕ್ಕಿ, ಕಾಡು, ಗೋಪುರದ ತುದಿಯ ಕೆತ್ತನೆ ಬೇಕೆನ್ನುವವರು ದೊಡ್ಡದನ್ನು ಹೊರಲಿ. ಮನೆಮಂದಿ, ಊಟದೆಲೆ, ಬಸ್ಸಿನ ಕಿಟಕಿ ಬೇಕೆನ್ನುವವರಿಗೆ ಫೋನೇ ಸಾಕು. ಜಗಳ ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ನನ್ನ ಮನಸ್ಸಿನಲ್ಲಿ ಮುಗಿಯಲಿಲ್ಲ. 2022ರಲ್ಲಿ ನಾವು ಮಹಿಳಾ ಮಂಡಳಿಯವರು ಕಾಶಿಗೆ ಹೋಗಿದ್ದೆವು. ಗಂಡಸರಿಲ್ಲದ ಮೊದಲ ಪ್ರವಾಸ. ಯಾರ ಅನುಮತಿಯೂ ಇಲ್ಲದೆ ನನ್ನ ಫೋನಿನಲ್ಲಿ ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದೆ. ಊರಿಗೆ ಬಂದು ತಿಂಗಳಿಗೆ ಫೋನು ಕೆಟ್ಟಿತು. ರಿಪೇರಿ ಅಂಗಡಿಯ ಹುಡುಗ, "ಫೋನ್ ಬದುಕುತ್ತೆ ಆಂಟಿ, ಫೋಟೋ ಬರಲ್ಲ" ಎಂದ. ಇನ್ನೆಲ್ಲೂ ನಾನು ಇಟ್ಟಿರಲಿಲ್ಲ. ಮಗಳಿಗೆ ಕಳಿಸಿದ್ದ ನಾಲ್ಕು ಉಳಿದವು. ಹನ್ನೆರಡರಲ್ಲಿ ಹನ್ನೊಂದು ಉಳಿದ ಆ ಕಾಲ, ಸಾವಿರದಲ್ಲಿ ನಾಲ್ಕು ಉಳಿದ ಈ ಕಾಲ. ನಮ್ಮ ಭಾಷೆಯಲ್ಲಿ ಚಿತ್ರ ತೆಗೆಯುವುದು ಎನ್ನುತ್ತೇವೆ, ಒಡವೆ ತೆಗೆದಿಡುವುದು ಎನ್ನುತ್ತೇವೆ. ತೆಗೆಯುವುದನ್ನು ಕಲಿತ ನಾನು ತೆಗೆದಿಡುವುದನ್ನು ಕಲಿತಿರಲಿಲ್ಲ.

ಬೇಲೂರಿನಿಂದ ಬಂದ ಮರುದಿನ ಈ ಮಾತು ಬಂದಾಗ ನಮ್ಮವರು ಏನೂ ಹೇಳದೆ ಎದ್ದುಹೋಗಿ, ತಮ್ಮ ಹಳೆಯ ವರ್ನಿಯರ್ ಕ್ಯಾಲಿಪರ್ಸ್ ಡಬ್ಬ ತಂದರು. ಕೆಲಸದ ದಿನಗಳ ಆ ಉಪಕರಣದ ಕೆಳಗೆ, ಎಣ್ಣೆಕಾಗದದ ಮೇಲೆ ಬಟರ್ ಪೇಪರಿನಲ್ಲಿ ಸುತ್ತಿದ 1983ರ ನೆಗೆಟಿವ್‌ಗಳಿದ್ದವು. "ಪ್ರಿಂಟ್ ಎಸೆದ್ರೂ ಇದನ್ನ ಎಸೆದಿರಲಿಲ್ಲ. ಹಾಳಾಗಿದ್ದು ನನ್ನ ಕೈಯಿಂದಲ್ವಾ" ಎಂದರು. ನಲವತ್ತು ವರ್ಷ ಅದನ್ನು ಅವರು ನನಗೆ ಹೇಳಿರಲಿಲ್ಲ.

ಮೊಮ್ಮಗಳು ಲ್ಯಾಪ್‌ಟಾಪಿನ ಪರದೆಯನ್ನು ಬೆಳ್ಳಗೆ ಮಾಡಿ, ನೆಗೆಟಿವನ್ನು ಅದರ ಮುಂದೆ ಸ್ವಲ್ಪ ದೂರದಲ್ಲಿ ಹಿಡಿದು, ಫೋನಿನಲ್ಲಿ ಚಿತ್ರ ತೆಗೆದಳು. ಆಮೇಲೆ ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿದಳು. ಕ್ಲಿಕ್ ತ್ರೀಯ ನೆಗೆಟಿವ್ ಬೆಂಕಿಪೆಟ್ಟಿಗೆಗಿಂತ ದೊಡ್ಡದು, ಮಗಳ ಕ್ಯಾಮೆರಾದ ಸೆನ್ಸಾರಿಗಿಂತ ಮೂರು ಪಟ್ಟಿಗೂ ಹೆಚ್ಚು. ಅದು ಹಿಡಿದಿಟ್ಟದ್ದು ಬಹಳವಿತ್ತು. ಆನೆಗಳ ಸಾಲಿನ ನಡುವಿನಿಂದ ಅಮ್ಮ ಮೇಲೆದ್ದು ಬಂದಳು. ಸೆರಗಿನ ಅಂಚು, ಮೂಗುತಿ, ನಾಚಿಕೆಗೆ ಓರೆಯಾದ ಬಾಯಿ. ಯಾರೂ ತಿದ್ದದ ಕಣ್ಣು. ಕೆನ್ನೆಯ ಮೇಲೆ ಸೊಂಡಿಲು ಹಾಗೆಯೇ ಇತ್ತು.

"ಅಜ್ಜಿ, ಆನೇನ ಅಳಿಸಿಬಿಡಲಾ? ಫೋನಲ್ಲಿ ಈಗ ಬರುತ್ತೆ" ಎಂದಳು ಮೊಮ್ಮಗಳು.

ಬೇಡವೆಂದೆ. ಮಾರನೆಯ ದಿನ ಮೂವರೂ ಹೋಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ತಂದೆವು. ಕಾಶಿಯಲ್ಲಿ ಉಳಿದ ನಾಲ್ಕನ್ನೂ ಹಾಕಿಸಿದೆ. ಈಗ ಪ್ರತಿ ಪ್ರವಾಸದಿಂದ ಬಂದ ಮೇಲೆ ಹನ್ನೆರಡು ಚಿತ್ರ ಆರಿಸಿ, ಪ್ರಿಂಟು ಹಾಕಿಸಿ, ಹಿಂದೆ ಊರು ಮತ್ತು ಇಸವಿ ಬರೆದು ಆಲ್ಬಮ್ಮಿಗೆ ಸೇರಿಸುತ್ತೇನೆ. ಉಳಿದವನ್ನು ಮಗಳು ಬೇರೆ ಡಿಸ್ಕಿಗೆ ಹಾಕಿಕೊಡುತ್ತಾಳೆ. ಹನ್ನೆರಡೇ ಏಕೆ ಎಂದು ಯಾರೂ ಕೇಳುವುದಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಚಿತ್ರದಲ್ಲಾದರೂ ನಾನಿರಬೇಕೆಂದು ಮೊಮ್ಮಗಳ ಕಟ್ಟಪ್ಪಣೆ.